ಮುಸಿಯನ ಸ್ವಾರ್ಥ, ಮನುಷ್ಯನ ಸ್ವಾರ್ಥ

ಮಾನ್ಯ ಸಂಪಾದಕರೇ,

‘ಪ್ರಾಣಿಗಳು ಹಸಿವಿಗಷ್ಟೇ ಕೊಲ್ಲುತ್ತವೆ, ನಾಳೆಗೆಂದು ಕೂಡಿಡುವುದಿಲ್ಲ, ಸ್ವಾರ್ಥವಿರುವುದು ಮನುಷ್ಯನಿಗೆ ಮಾತ್ರ’ ಎಂಬ ಮಾತು ಭಾಷಣಗಳಲ್ಲೂ ಓದುಗರ ಪತ್ರಗಳಲ್ಲೂ ಆಗಾಗ ತಲೆಹಾಕುತ್ತದೆ. ಪತ್ರಿಕೆಯ ಇನ್ನೊಂದು ಪುಟ ತಿರುವಿದರೆ ಕೊಲೆ ಸುದ್ದಿಗೆ ‘ಮೃಗೀಯ ಕೃತ್ಯ’ ಎಂಬ ತಲೆಬರಹ. ಎರಡೂ ತಪ್ಪು.

ಕೂಡಿಡುವ ವಿಷಯ ಬಿಡಿ, ಜೇನುಗೂಡು ಕಂಡವರಿಗೆ ಅದನ್ನು ಹೇಳಬೇಕಿಲ್ಲ. ದೊಡ್ಡಿಗೆ ನುಗ್ಗಿದ ಚಿರತೆ ತಿನ್ನುವುದು ಒಂದು ಕುರಿಯಾದರೂ ಕೊಲ್ಲುವುದು ಹಲವನ್ನು ಎಂಬುದನ್ನು ಕುರಿಗಾಹಿಗಳು ಬಲ್ಲರು. ಕಾಡಿನಲ್ಲಾದರೆ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗಿರುತ್ತವೆ. ದೊಡ್ಡಿಯಲ್ಲಿ ಓಡಲು ದಾರಿಯಿಲ್ಲ, ಎದುರಿಗೇ ಚಡಪಡಿಸುವ ಒಂದೊಂದು ಕುರಿಯೂ ಬೇಟೆಯ ಹುಟ್ಟುಗುಣವನ್ನು ಮತ್ತೆ ಕೆರಳಿಸುತ್ತದೆ.

ಇದಕ್ಕಿಂತ ದೊಡ್ಡ ಪುರಾವೆ ನಮ್ಮ ಧಾರವಾಡದ್ದೇ. 1960ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮ ಇಲ್ಲಿನ ಕಪ್ಪು ಮೋರೆಯ ಮುಸಿಯಗಳ (ಲಂಗೂರ್ ಕೋತಿಗಳ) ಬೆನ್ನು ಹತ್ತಿ ಅಧ್ಯಯನ ಮಾಡಿದರು. ಇಲ್ಲಿ ಅನೇಕ ಗುಂಪುಗಳಲ್ಲಿ ವಯಸ್ಕ ಗಂಡು ಒಂದೇ, ಹೆಣ್ಣು ಹಲವು. ಹೆಣ್ಣಿಲ್ಲದ ಗಂಡುಗಳು ಬೇರೆ ದಂಡು ಕಟ್ಟಿ ತಿರುಗುತ್ತವೆ. ಹೊಸ ಗಂಡು ಹಳೆಯದನ್ನು ಓಡಿಸಿ ಗುಂಪು ಹಿಡಿದ ಮೇಲೆ ಮೊಲೆಯುಣ್ಣುವ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಅವರು 1965ರಲ್ಲಿ ವರದಿ ಮಾಡಿದರು. ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಅಮೆರಿಕದ ವಿಜ್ಞಾನಿ ಸಾರಾ ಹರ್ಡಿ 1970ರ ದಶಕದಲ್ಲಿ ಇದರ ಲೆಕ್ಕ ಬಿಡಿಸಿದರು. ಮರಿಗೆ ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ, ಮರಿ ಸತ್ತರೆ ಕೆಲವೇ ವಾರಗಳಲ್ಲಿ ಬರುತ್ತದೆ. ಗರ್ಭದ ಅವಧಿ ಸುಮಾರು 200 ದಿನ. ಗಂಡಿನ ದರ್ಬಾರು ಹಲವೆಡೆ ಎರಡು–ಮೂರು ವರ್ಷಕ್ಕೇ ಮುಗಿಯುವುದರಿಂದ ಕಾಯುತ್ತಾ ಕೂತರೆ ಅದರ ಸ್ವಂತ ಮರಿ ಬೆಳೆಯುವ ಹೊತ್ತಿಗೆ ಇನ್ನೊಬ್ಬ ಬಂದಿರುತ್ತಾನೆ. ಇದು ಬರೀ ಜಾಗ ಇಕ್ಕಟ್ಟಾದ್ದರ ಪರಿಣಾಮ ಎಂದು ವಾದಿಸಿದವರೂ ಇದ್ದರು. ಆದರೆ ನೇಪಾಳದ ರಾಮನಗರದಲ್ಲಿ ನಡೆಸಿದ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1999ರಲ್ಲಿ ಬಂತು: ದಾಳಿ ಮಾಡಿದ ಗಂಡು ಆ ಮರಿಗಳ ತಂದೆಯಾಗಿರಲಿಲ್ಲ. ಹೆಣ್ಣುಗಳೂ ಸುಮ್ಮನಿರುವುದಿಲ್ಲ, ಗರ್ಭಿಣಿಯಾದವೂ ಹೊಸ ಗಂಡಿನೊಡನೆ ಕೂಡಿ, ಮರಿ ಯಾರದೆಂಬ ಲೆಕ್ಕವನ್ನೇ ಗೋಜಲು ಮಾಡುತ್ತವೆ ಎಂಬುದು ಹರ್ಡಿಯವರ ವಿವರಣೆ.

ಹಾಗಾದರೆ ಸ್ವಾರ್ಥ ಪ್ರಕೃತಿ ನಿಯಮ, ಲಂಚವೂ ಸಹಜ ಎನ್ನುವ ಮೂರನೆಯ ಪಂಗಡ ಎದ್ದು ನಿಲ್ಲುತ್ತದೆ. ಇವರ ಎಡವಟ್ಟು ಪದದಲ್ಲಿದೆ. ಜೀವಶಾಸ್ತ್ರದಲ್ಲಿ ಸ್ವಾರ್ಥ ಎಂದರೆ ಉದ್ದೇಶವಲ್ಲ, ಫಲಿತಾಂಶ: ಈ ನಡವಳಿಕೆಯಿಂದ ಮುಂದಿನ ಪೀಳಿಗೆಯಲ್ಲಿ ಯಾರ ಮರಿ ಹೆಚ್ಚಾದವು ಎಂಬ ಎಣಿಕೆ. ಮುಸಿಯ 200 ದಿನವನ್ನು ಬೆರಳಲ್ಲಿ ಎಣಿಸುವುದಿಲ್ಲ. ಲಂಚ ತೆಗೆದುಕೊಳ್ಳುವವನು ನೋಟು ಎಣಿಸುತ್ತಾನೆ.

ಇದೇ ಲೆಕ್ಕ ತ್ಯಾಗದ ಹಾಗೆ ಕಾಣುವುದೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ನೋಡಿದ ಕಾಗದಗೂಡಿನ ಕಡಜಗಳಲ್ಲಿ ಮೊಟ್ಟೆಯಿಡುವುದು ರಾಣಿಯೊಂದೇ. ಕೆಲಸಗಾರ್ತಿಯರಿಗೂ ಮೊಟ್ಟೆಯಿಡುವ ಸಾಮರ್ಥ್ಯವಿದೆ, ಆದರೂ ರಾಣಿಯ ಮರಿಗಳಿಗೆ ಉಣಿಸುತ್ತಾ ದುಡಿಯುತ್ತಿರುತ್ತವೆ. ರಾಣಿಯನ್ನು ಗೂಡಿನಿಂದ ತೆಗೆಯಿರಿ, ಅರ್ಧ ಗಂಟೆಯೊಳಗೆ ಒಂದು ಕೆಲಸಗಾರ್ತಿ ಮಿಕ್ಕವುಗಳ ಮೇಲೆ ಎರಗಾಡತೊಡಗುತ್ತದೆ. ರಾಣಿಯನ್ನು ಮರಳಿ ಬಿಟ್ಟರೆ ಅದು ತಣ್ಣಗಾಗುತ್ತದೆ. ಬಿಡದಿದ್ದರೆ ಒಂದು ವಾರದ ಆಸುಪಾಸಿನಲ್ಲಿ ತಾನೇ ಮೊಟ್ಟೆಯಿಡುತ್ತದೆ, ಉಳಿದವು ತಕರಾರು ತೆಗೆಯುವುದಿಲ್ಲ. ರಕ್ತಸಂಬಂಧ ಎಷ್ಟು ಹತ್ತಿರ, ನೆರವಿನಿಂದ ಲಾಭವೆಷ್ಟು, ಖರ್ಚೆಷ್ಟು ಎಂಬ, ಬ್ರಿಟಿಷ್ ಜೀವವಿಜ್ಞಾನಿ ಹ್ಯಾಮಿಲ್ಟನ್ನರ 1964ರ ಸೂತ್ರ ಇಂಥ ದುಡಿಮೆಯನ್ನು ಬಹುಮಟ್ಟಿಗೆ ವಿವರಿಸುತ್ತದೆ. ರಕ್ತನಿಧಿಯಲ್ಲಿ ಗುರುತು ಪರಿಚಯವಿಲ್ಲದವರಿಗೆ 350 ಮಿಲಿಲೀಟರ್ ರಕ್ತ ಕೊಟ್ಟು ಬರುವವರನ್ನು ಅದೇ ಸೂತ್ರಕ್ಕೆ ಸಿಕ್ಕಿಸಲು ಹೋದರೆ ಸೂತ್ರವೇ ಹರಿಯುತ್ತದೆ.

ಆದ್ದರಿಂದ ವಿನಂತಿ ಸಣ್ಣದು. ಕೊಲೆ ಸುದ್ದಿಯ ತಲೆಬರಹದಲ್ಲಿ ‘ಮೃಗೀಯ’ದ ಬದಲು ‘ಕ್ರೂರ’ ಎಂದು ಹಾಕಿ. ಒಂದು ಅಕ್ಷರದ ಜಾಗವೂ ಉಳಿಯುತ್ತದೆ.

— ಪ್ರಾಣಿಶಾಸ್ತ್ರ ಅಧ್ಯಾಪಕರು, ಧಾರವಾಡ