ಹಗ್ಗ ಹಿಡಿದವರ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಡರ್ಬಿ ಕುದುರೆ ಪಂದ್ಯ ಮುಗಿದ ಮರುದಿನ ಕ್ರೀಡಾಪುಟದಲ್ಲಿ ಗೆದ್ದ ಕುದುರೆಯ ಚಿತ್ರ ಬರುತ್ತದೆ. ಅದರ ಕೆಳಗೆ ಕುದುರೆಯ ಹೆಸರು, ಮಾಲೀಕರ ಹೆಸರು, ತರಬೇತುದಾರರ ಹೆಸರು, ಜಾಕಿಯ ಹೆಸರು. ಕುದುರೆಯ ತಲೆಯ ಪಕ್ಕದಲ್ಲೇ ಹಗ್ಗ ಹಿಡಿದು ನಿಂತ ಇನ್ನೊಬ್ಬರಿಗೆ ಮಾತ್ರ ಹೆಸರಿರುವುದಿಲ್ಲ. ಎಷ್ಟೋ ಸಲ ಅವರ ಮುಖ ಚಿತ್ರದ ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ಅವರು ಆ ಕುದುರೆಯ ಸೈಸ್, ಅಂದರೆ ಅದನ್ನು ದಿನವೂ ನೋಡಿಕೊಳ್ಳುವ ಆಳು. ನಸುಕಿಗೆ ಎದ್ದು ಲಾಯ ಗುಡಿಸುವವರು, ಮೈ ಉಜ್ಜುವವರು, ಗೊರಸಿನ ಸಂದಿಯಲ್ಲಿ ಕೂತ ಮಣ್ಣು ಕೆರೆದು ತೆಗೆಯುವವರು, ಮೇವು ಮುಟ್ಟದಿದ್ದರೆ ಮೊದಲು ಗಾಬರಿಯಾಗುವವರು. ಅವರ ಹೆಸರನ್ನೂ ದಯವಿಟ್ಟು ಪ್ರಕಟಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ಬಸವನಗುಡಿಯಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡು ನನಗೆ 31 ವರ್ಷಗಳಾದವು. ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆ, ನಾಮಕರಣ ಇವೇ ನನ್ನ ಅನ್ನ. ಈಚಿನ ವರ್ಷಗಳಲ್ಲಿ ಮನೆಯ ನಾಯಿ, ಬೆಕ್ಕುಗಳನ್ನು ಕೂರಿಸಿಕೊಂಡು ಕುಟುಂಬದ ಚಿತ್ರ ತೆಗೆಸುವವರು ಹೆಚ್ಚಾಗಿದ್ದಾರೆ. ಹೆಸರಘಟ್ಟ, ಯಲಹಂಕದ ಕಡೆ ಸ್ವಂತ ಕುದುರೆ ಸಾಕಿದವರೂ ಕರೆಯುತ್ತಾರೆ.

ಕುದುರೆಯ ಮುಂದೆ ಕ್ಯಾಮೆರಾ ಹಿಡಿದವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಅಕ್ಕಪಕ್ಕದ್ದೆಲ್ಲ ಅದಕ್ಕೆ ಕಾಣುತ್ತದೆ. ಹಣೆಯ ಮುಂದೆ ತೀರಾ ಹತ್ತಿರದ್ದು ಮತ್ತು ಬಾಲದ ನೇರ ಹಿಂದಿನದು ಕಾಣುವುದಿಲ್ಲ. ಆದ್ದರಿಂದ ಮಾಲೀಕರು ಹೊಸ ಅಂಗಿ ತೊಟ್ಟು ನಗುತ್ತಾ ನೇರ ಎದುರಿಗೆ ಬಂದು ಅದರ ಹಣೆಗೆ ಹಣೆ ಇಡಲು ಹೋದರೆ ಕುದುರೆ ತಲೆ ಎತ್ತಿ ಹಿಂದೆ ಸರಿಯುತ್ತದೆ. ಕಿವಿಗಳು ಹಿಂದಕ್ಕೆ ಮಲಗುತ್ತವೆ. ಕಿವಿ ಹಿಂದೆ ಬಿದ್ದ ಕುದುರೆಯ ಚಿತ್ರವನ್ನು ಯಾರೂ ಗೋಡೆಗೆ ಹಾಕಿಕೊಳ್ಳುವುದಿಲ್ಲ. ಫ್ಲ್ಯಾಶ್ ಬಳಸಿದರೆ ಬೆದರುತ್ತದೆ, ಕಣ್ಣೂ ಹಸಿರಾಗಿ ಹೊಳೆದು ಚಿತ್ರ ಕೆಡುತ್ತದೆ. ಮೊಬೈಲ್ ಹಿಡಿದು ಹತ್ತಿರ ಹೋದರೆ ಮೂತಿಯೊಂದೇ ಮಡಕೆಯಷ್ಟಾಗಿ, ಮೈ ಕರುವಿನಂತೆ ಕಿರಿದಾಗಿ ಬರುತ್ತದೆ. ಹದಿನೈದು ಇಪ್ಪತ್ತು ಅಡಿ ದೂರ ನಿಂತು, ಉದ್ದನೆಯ ಲೆನ್ಸ್ ಹಾಕಿ, ಕುದುರೆಯ ಎದೆಯ ಮಟ್ಟಕ್ಕೆ ಬಾಗಿ ಕಾಯಬೇಕು. ಕಿವಿ ನಿಮಿರಲೆಂದು ನಾನು ಡಬ್ಬಿಯಲ್ಲಿ ಹುರುಳಿ ಅಲ್ಲಾಡಿಸುತ್ತೇನೆ. ಎರಡು ಮೂರು ಸಲ ಕೇಳುತ್ತದೆ, ಆಮೇಲೆ ಅದಕ್ಕೂ ಜಗ್ಗುವುದಿಲ್ಲ. ಆದರೆ ಸೈಸ್ ನನ್ನ ಬೆನ್ನ ಹಿಂದೆ ಬಂದು ನಿಂತು ನಾಲಿಗೆಯಲ್ಲಿ ಲೊಚಗುಟ್ಟಿದರೆ ಎರಡೂ ಕಿವಿಗಳು ಒಟ್ಟಿಗೆ ಮುಂದಕ್ಕೆ ಬರುತ್ತವೆ. ನೀವು ಮೆಚ್ಚುವ ಚಿತ್ರಗಳಲ್ಲಿ ಕುದುರೆ ಅಷ್ಟು ಪ್ರೀತಿಯಿಂದ ನೋಡುತ್ತಿರುವುದು ಬಹುಮಟ್ಟಿಗೆ ಚಿತ್ರದಲ್ಲಿ ಇಲ್ಲದ ಆ ಮನುಷ್ಯರನ್ನು.

ಚಿತ್ರದೊಳಗೆ ಬಂದರೂ ಅವರು ಉಳಿಯುವುದಿಲ್ಲ. ಬಿಟ್ಟರೆ ಕುದುರೆ ನಿಲ್ಲುವುದಿಲ್ಲವಾದ್ದರಿಂದ ಹಗ್ಗ ಹಿಡಿಯಲು ಅವರು ಬೇಕು. ಚಿತ್ರ ತೆಗೆದ ಮೇಲೆ ಮಾಲೀಕರು ‘ಆ ಹಗ್ಗ ಅಳಿಸಿಬಿಡಿ, ಆ ಕೈಯನ್ನೂ’ ಎಂದು ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಇದು ಕಾಲು ಗಂಟೆಯ ಕೆಲಸ. ಕೈಯಿದ್ದ ಕಡೆ ಹುಲ್ಲು ತುಂಬಿಸುವುದು, ತೋಳು ಹಾದುಹೋದ ಕಡೆ ಕುದುರೆಯ ಜೂಲನ್ನು ಮುಂದುವರಿಸುವುದು. ಇಂಥ ಕೈಗಳನ್ನು ನಾನೂ ಎಷ್ಟೋ ಅಳಿಸಿದ್ದೇನೆ. ಅಳಿಸದೆ ಉಳಿದವರೂ ಎಲ್ಲರಂತೆ ಕಾಣುವುದಿಲ್ಲ. ಮಾಲೀಕರ ಬಿಳಿ ಅಂಗಿಗೆ ಬೆಳಕನ್ನು ಹೊಂದಿಸಿದಾಗ, ಕಂದು ಕುದುರೆಯ ನೆರಳಲ್ಲಿ ನಿಂತವರ ಮುಖ ಬರೀ ಕಪ್ಪು ಮಚ್ಚೆಯಾಗಿ ಬರುತ್ತದೆ. ಅವರಿಗೂ ಸೇರಿಸಿ ಬೆಳಕು ನೋಡಿಕೊಳ್ಳುವುದು ಕಷ್ಟವೇನಲ್ಲ. ನಾವು ನೋಡಿಕೊಳ್ಳುವುದಿಲ್ಲ, ಅಷ್ಟೆ.

ನಾನು ಅಳಿಸುವುದನ್ನು ನಿಲ್ಲಿಸಿದ್ದು ಒಂದು ನಾಯಿಯಿಂದ. ಜಯನಗರದ ಒಂದು ಮನೆಯವರು ತಮ್ಮ ಮುದಿ ಲ್ಯಾಬ್ರಡಾರ್ ಜೊತೆ ಚಿತ್ರ ತೆಗೆಸಿದರು. ಕಪ್ಪು ನಾಯಿ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕಪ್ಪನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ, ಹಾಗಾಗಿ ಬೆಳಕು ತಗ್ಗಿಸಿ, ನೆಲದ ಮೇಲೆ ಮಲಗಿ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ನಾಯಿಯನ್ನು ಹಿಡಿದು ಕೂರಿಸಿದವರು ಆ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಒಂದೂವರೆ ವರ್ಷದ ನಂತರ ಅವರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ನಾಯಿ ಸತ್ತಿತ್ತು, ಅವರು ಆ ಮನೆಯ ಕೆಲಸವನ್ನೂ ಬಿಟ್ಟಿದ್ದರು. ‘ಅಣ್ಣಾ, ನಾವಿಬ್ಬರೂ ಇರುವ ಫೋಟೊ ಒಂದು ಕೊಡುತ್ತೀರಾ? ಎಷ್ಟಾಗುತ್ತದೆ?’ ಎಂದು ಕೇಳುತ್ತಲೇ ಸೆರಗಿನ ತುದಿಯ ಗಂಟು ಬಿಚ್ಚತೊಡಗಿದರು. ಹಳೆಯ ಕಡತವನ್ನೆಲ್ಲ ತೆರೆದು ನೋಡಿದೆ. ಅಷ್ಟೂ ಚಿತ್ರಗಳಲ್ಲಿ ಅವರು ಒಂದರಲ್ಲೂ ಇರಲಿಲ್ಲ. ಒಂದರ ಎಡ ಅಂಚಿನಲ್ಲಿ ಮಾತ್ರ ನಾಯಿಯ ಬೆನ್ನ ಮೇಲೆ ಒಂದು ಕೈ, ಮಣಿಕಟ್ಟಿನಲ್ಲಿ ನಾಲ್ಕು ಹಸಿರು ಗಾಜಿನ ಬಳೆ. ಮನೆಯವರಿಗೆ ಕೊಟ್ಟ ಪ್ರತಿಯಲ್ಲಿ ನಾನು ಅದನ್ನೂ ಕತ್ತರಿಸಿದ್ದೆ. ಆ ಕೈ ಇರುವ ಚಿತ್ರವನ್ನೇ ದೊಡ್ಡದಾಗಿ ಅಚ್ಚು ತೆಗೆದುಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಬಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ‘ಇದು ನಂದೇ’ ಎಂದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇದು ನಮ್ಮೂರಿನ ಅಥವಾ ನಮ್ಮ ಕಾಲದ ಚಾಳಿಯಷ್ಟೇ ಅಲ್ಲ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ, ಛಾಯಾಗ್ರಾಹಕ ಮೈಬ್ರಿಜ್‌ನ 1878ರ ಚಿತ್ರಮಾಲೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಅದರ ಶೀರ್ಷಿಕೆಯಲ್ಲಿ ಕುದುರೆಯ ಹೆಸರಿದೆ, ಮಾಲೀಕ ಲೆಲೆಂಡ್ ಸ್ಟ್ಯಾನ್‌ಫರ್ಡ್ ಹೆಸರಿದೆ, ಓಟದ ವೇಗವಿದೆ, ಜೂನ್ 19 ಎಂಬ ತಾರೀಖೂ ಇದೆ. ಬೆನ್ನ ಮೇಲೆ ಕೂತು ಓಡಿಸಿದವನ ಹೆಸರು ಅಲ್ಲಿಲ್ಲ.

ಮಾಲೀಕರ ಮೇಲೆ ನನಗೆ ಕೋಪವಿಲ್ಲ. ಪ್ರೀತಿ ಇಲ್ಲದೆ ಯಾರೂ ಅಷ್ಟು ಖರ್ಚು ಮಾಡಿ ಪ್ರಾಣಿ ಸಾಕುವುದಿಲ್ಲ. ಈಗ ನಾನು ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇನೆ: ಪ್ರಾಣಿಯನ್ನು ದಿನವೂ ನೋಡಿಕೊಳ್ಳುವವರ ಜೊತೆಗೂ ಒಂದು ಚಿತ್ರ ತೆಗೆಯುತ್ತೇನೆ, ಅದರ ಒಂದು ಪ್ರತಿಯನ್ನು ಅವರ ಕೈಗೇ ಕೊಡುತ್ತೇನೆ. ಈವರೆಗೆ ಬೇಡ ಎಂದವರು ಇಬ್ಬರೇ. ಕಳೆದ ತಿಂಗಳು ಹೆಸರಘಟ್ಟದ ಬಳಿ ಒಬ್ಬ ಸೈಸ್‌ಗೆ ಹೀಗೆ ನಿಲ್ಲಲು ಹೇಳಿದಾಗ, ಅವರು ಮೊದಲು ಕುದುರೆಯ ಜೂಲನ್ನು ಬಾಚಿದರು, ಆಮೇಲೆ ಅದೇ ಬಾಚಣಿಗೆಯಿಂದ ತಮ್ಮ ತಲೆಯನ್ನೂ ಬಾಚಿಕೊಂಡು ನೆಟ್ಟಗೆ ನಿಂತರು.

ನಿಮ್ಮ ಛಾಯಾಗ್ರಾಹಕರಿಗೆ ಸ್ಥಳದಲ್ಲೇ ಹೆಸರು ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು. ಕುದುರೆಯನ್ನು ಎಡಬದಿಯಿಂದ ಹಿಡಿದು ನಡೆಸುವುದು ರೂಢಿ. ಪುಟ ಕಟ್ಟುವವರು ಚಿತ್ರವನ್ನು ಅಳತೆಗೆ ಕತ್ತರಿಸುವ ಮೊದಲು, ಕುದುರೆಯ ಎಡಭುಜದ ಪಕ್ಕ ಯಾರು ನಿಂತಿದ್ದಾರೆಂದು ಒಮ್ಮೆ ನೋಡಲಿ.

ಇಂತಿ ನಿಮ್ಮ ಹಳೆಯ ಓದುಗ,
ಒಬ್ಬ ಸ್ಟುಡಿಯೊ ಛಾಯಾಗ್ರಾಹಕ,
ಬಸವನಗುಡಿ, ಬೆಂಗಳೂರು