ಮಗಳಿಗೊಂದು ಪತ್ರ: ಆ ಹುಡುಗನ ತಂದೆ ಶಾಲೆಗೆ ಬಂದಾಗ

ಪ್ರೀತಿಯ ಮಗಳೆ,

ನೀನು ಪಾಠ ಮಾಡುವ ತರಗತಿಯ ಆ ಹುಡುಗ, ಹುಡುಗಿಯರ ಸಾಲಿನಲ್ಲೇ ಕೂರುತ್ತಾನೆ, ಉಳಿದವರು ಅಣಕಿಸುತ್ತಾರೆ, ಸೋಮವಾರ ಅವನ ತಂದೆ ಬರುತ್ತಾರೆ, ಏನು ಹೇಳಲಿ ಅವ್ವ ಅಂತ ಕೇಳಿದ್ದೀಯ. ಜಾನಪದ ಕಲಾವಿದೆ, ಲಿಂಗತ್ವ ಅಲ್ಪಸಂಖ್ಯಾತೆ ಮಂಜಮ್ಮ ಜೋಗತಿಯವರ ವಿಷಯ ಹೇಳು.

ಮಂಜಮ್ಮನವರಿಗೆ ಬಂದ ಪದ್ಮಶ್ರೀಯಿಂದ ಶುರು ಮಾಡಬೇಡ. 2021ರಲ್ಲಿ ಪ್ರಶಸ್ತಿ ಪಡೆಯುವಾಗ ಅವರು ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೊವನ್ನು ಹುಡುಗನ ತಂದೆಯೂ ನೋಡಿರುತ್ತಾರೆ. ಅಂಥವರು ಲಕ್ಷಕ್ಕೊಬ್ಬರು ಅಂದು ಎದ್ದು ಹೋಗಬಹುದು. ಬಳ್ಳಾರಿ ಸೀಮೆಯ ಕಲ್ಲುಕಂಬದಿಂದ ಶುರು ಮಾಡು. ಗಂಡಾಗಿ ಹುಟ್ಟಿದ ಮಗು ಬೆಳೆಯುತ್ತ ತಾನು ಹೆಣ್ಣು ಅಂದಿತು. ಮನೆಯವರು ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು, ಅಂದರೆ ದೇವಿಗೆ ಬಿಟ್ಟರು. ಆಮೇಲೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ವಿಷ ಕುಡಿದು ಬದುಕಿಕೊಂಡರು, ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ದಾವಣಗೆರೆಯಲ್ಲಿ ಮಟ್ಟಿಕಲ್ ಬಸಪ್ಪನವರಿಂದ, ಎಲ್ಲಮ್ಮನ ಭಕ್ತರು ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ಕುಣಿತ ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿದರು, ಕಾಳವ್ವ ತೀರಿಕೊಂಡ ಮೇಲೆ ಅದನ್ನು ತಾವೇ ನಡೆಸಿದರು.

ಈ ಮೇಳದವರು ಆಡುವ, ರೇಣುಕೆ ಎಲ್ಲಮ್ಮನ ಕತೆಯ ಎಲ್ಲಮ್ಮನಾಟವನ್ನು ನೀನು ಪೂರ್ತಿ ನೋಡಿಲ್ಲ. ಮರಳಿನ ಕೊಡ, ಹಾವಿನ ಸಿಂಬಿಯಲ್ಲಿ ನೀರು ತರುವ ರೇಣುಕೆ, ಗಂಡನ ಶಂಕೆಗೆ ಸಿಕ್ಕು ಮಗನ ಕೊಡಲಿಗೆ ಕೊರಳೊಡ್ಡುತ್ತಾಳೆ. ಹೆತ್ತ ಮನೆಯೇ ಕೈಬಿಟ್ಟವರು ಚೌಡಿಕೆ ವಾದ್ಯದ ದನಿಗೆ ಆ ಪಾತ್ರವಾಗಿ ನಿಂತರೆ ಮೈ ಜುಮ್ಮೆನ್ನುತ್ತದೆ. ನಮ್ಮ ಜನ ಆ ರೇಣುಕೆಗೆ ಕೈಮುಗಿಯುತ್ತಾರೆ. ಬೆಳಗಾದರೆ ಅಂಥ ಕಲಾವಿದೆಗೆ ಬಾಡಿಗೆಗೆ ಮನೆ ಇಲ್ಲ ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

2010ರಲ್ಲಿ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು, ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಮೊದಲಿಗರು. ಕುರ್ಚಿ ಸಿಕ್ಕ ಮೇಲೂ ಹೇಳುತ್ತ ಬಂದದ್ದು ತಮ್ಮವರ ಮಾತನ್ನೇ: ಇಂಥ ಮಕ್ಕಳನ್ನು ಹೊರಗೆ ಹಾಕಬೇಡಿ, ಓದಿಸಿ, ಕೆಲಸ ಕೊಡಿ. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಆದರೆ ಅರ್ಜಿ ಹಾಕಲು ಅಂಕಪಟ್ಟಿ ಬೇಕಲ್ಲ? ಅಣಕಕ್ಕೆ ಹೆದರಿ ಎಂಟನೆಯ ತರಗತಿಗೇ ಶಾಲೆ ಬಿಟ್ಟ ಮಗುವಿಗೆ ಆ ಮೀಸಲಾತಿ ಎಲ್ಲಿಂದ ಸಿಗಬೇಕು?

ಅದಕ್ಕೇ ಹೇಳುತ್ತೇನೆ, ಸೋಮವಾರ ಆ ತಂದೆಯೊಂದಿಗೆ ವಾದಕ್ಕೆ ಇಳಿಯಬೇಡ. ಶಾಲೆ ಬಿಡಿಸುವುದಿಲ್ಲ, ಹೊಡೆಯುವುದಿಲ್ಲ, ಇಷ್ಟು ಮಾತು ತೆಗೆದುಕೋ. ತಾಯಿಯನ್ನೂ ಕರೆಸು. ಅಣಕಿಸುವ ಹುಡುಗರನ್ನು ನೀನೇ ಕೂರಿಸಿಕೊಂಡು ಮಾತಾಡು. ಹೆಡ್‌ಮಾಸ್ಟರ ಮೇಲೆ ಹಾಕಬೇಡ. ಏನಾಯಿತೆಂದು ಅವತ್ತೇ ಫೋನ್ ಮಾಡು.

ಆಶೀರ್ವಾದಗಳೊಂದಿಗೆ,
ನಿನ್ನ ಅವ್ವ