ಡಿಸೆಂಬರ್ ಬೇಡ ದೋಸ್ತ, ಮಳೆಯಲ್ಲೇ ಬಾ

ಪ್ರೀತಿಯ ದೋಸ್ತ,

ನಿನ್ನ ಮೆಸೇಜ್ ಓದಿದೆ. "ಡಿಸೆಂಬರ್‌ನಲ್ಲಿ ಒಂದು ವಾರ ರಜೆ ಹಾಕ್ತೀನಿ, ಮನೆಯವರನ್ನೆಲ್ಲ ಕರ್ಕೊಂಡು ಬರ್ತೀನಿ, ವಿಜಯಪುರ, ಬಾದಾಮಿ, ಗೋಕಾಕ ಎಲ್ಲ ಸೇರಿಸಿ ಪ್ಲಾನ್ ಮಾಡು" ಅಂದಿದ್ದೀಯ. ಪ್ಲಾನ್ ರೆಡಿ. ಆದರೆ ಡಿಸೆಂಬರ್ ಬೇಡ. ಆಗಸ್ಟ್ ಕೊನೆಗೆ ಬಾ. ತಡ ಅಂದರೆ ಸೆಪ್ಟೆಂಬರ್ ಮೊದಲ ವಾರ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಬರೆದಿಟ್ಟರೆ ನೀನು ದಾರಿಯಲ್ಲೂ ತೆಗೆದು ನೋಡಬಹುದು, ನಮ್ಮ ಕಡೆ ಬರಬೇಕು ಅಂದುಕೊಂಡ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ಸೈಕಲ್ ಪಂಪಿನ ಕಥೆ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಡಿಸೆಂಬರ್ ಯಾಕೆ ಬೇಡ ಅಂತ ಕೇಳುತ್ತೀಯ. ತಂಪಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲ ನಿಜ. ಆದರೆ ಗೋಕಾಕದ ಜಲಪಾತದಲ್ಲಿ ಆಗ ನೋಡುವುದೇನು? ಬರೀ ಬಂಡೆ. ಘಟಪ್ರಭೆಯ ನೀರನ್ನು ಮೇಲೆ ಹಿಡಕಲ್ ಡ್ಯಾಮು ಹಿಡಿದಿಟ್ಟುಕೊಂಡಿರುತ್ತದೆ. ಅದು ತುಂಬಿ ನೀರು ಬಿಟ್ಟಾಗ ಬರಬೇಕು. 52 ಮೀಟರ್ ಎತ್ತರದಿಂದ ಕೆಂಪು ನೀರು ಒಟ್ಟಿಗೇ ಬೀಳುತ್ತದೆ. ಬಾದಾಮಿಯೂ ಹಾಗೇ. ಜೋರು ಮಳೆಯಾದ ಮೇಲೆ ಅಗಸ್ತ್ಯ ತೀರ್ಥ ಕೆರೆಯ ಮೇಲಿನ ಬಂಡೆಯಿಂದ ಅಕ್ಕ ತಂಗಿ ಅನ್ನುವ ಜೋಡಿ ಜಲಪಾತಗಳು ಧುಮುಕುತ್ತವೆ. ಮಳೆ ನಿಂತರೆ ಅವೂ ಇಲ್ಲ. ವಿಜಯಪುರದ ಬಗ್ಗೆ ಚಿಂತೆ ಬೇಡ. ಅಲ್ಲಿ ಮಳೆ ಯಾವತ್ತೂ ಕಡಿಮೆಯೇ.

ಮೊದಲ ಎರಡು ದಿನ ವಿಜಯಪುರ. ಬೆಂಗಳೂರಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ನೇರ ಅಲ್ಲಿಗೇ ಬಾ. ದಾರಿಯಲ್ಲಿ ಬಾದಾಮಿ ಸ್ಟೇಷನ್ ಬರುತ್ತದೆ, ಮಕ್ಕಳು ಹಟ ಮಾಡಿದರೂ ಇಳಿಯಬೇಡ. ಮೊದಲು ಊರು, ಆಮೇಲೆ ಬೆಟ್ಟ, ಕೊನೆಗೆ ನೀರು. ಈ ಸಾಲನ್ನು ನಾನು ತುಂಬ ಯೋಚಿಸಿ ಹಾಕಿದ್ದೇನೆ.

ಗೋಳಗುಮ್ಮಟಕ್ಕೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಹೊತ್ತೇರಿದರೆ ಶಾಲೆ ಮಕ್ಕಳ ಬಸ್ಸು ಬಂದು, ಒಳಗೆ ಕೂಗಾಟ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಇಲ್ಲಿನ ಸುಲ್ತಾನ ಮೊಹಮ್ಮದ್ ಆದಿಲ್ ಶಾ ತನಗೇ ಅಂತ ಕಟ್ಟಿಸಿಕೊಂಡ ಗೋರಿ ಇದು. ಅವನು ತೀರಿಕೊಂಡದ್ದು 1656ರಲ್ಲಿ. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಅಷ್ಟು ದೊಡ್ಡದಕ್ಕೆ ನಡುವೆ ಒಂದೂ ಕಂಬ ಇಲ್ಲ. ಒಂದನ್ನೊಂದು ಹಾದು ಹೋಗುವ ಕಮಾನುಗಳು ಭಾರವನ್ನೆಲ್ಲ ಗೋಡೆಗೆ ಇಳಿಸುತ್ತವೆ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಮೇಲಿನ ಪಿಸುಮಾತಿನ ಗ್ಯಾಲರಿ ವಿಷಯ ಆಮೇಲೆ ಹೇಳುತ್ತೇನೆ.

ಗುಮ್ಮಟದ ಮುಂದಿನ ಮ್ಯೂಸಿಯಂ ಬಿಡಬೇಡ. ಮಹಾಕೂಟದ ಶಾಸನದ ಕಂಬ ಅಲ್ಲಿದೆ, ಚಾಲುಕ್ಯ ಮಂಗಳೇಶನ ಕಾಲದ್ದು. ಮುಂದೆ ಮಹಾಕೂಟಕ್ಕೆ ಹೋದಾಗ ಮಕ್ಕಳಿಗೆ ನೆನಪು ಮಾಡಿಕೊಡು, ಕಂಬ ಇದ್ದದ್ದು ಇಲ್ಲಿ, ಈಗ ಇರುವುದು ಅಲ್ಲಿ ಅಂತ.

ಇಬ್ರಾಹಿಂ ರೋಜಾಕ್ಕೆ ಸಂಜೆ ಹೋಗೋಣ. ಕಿಟಕಿಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕೊರೆದಿದ್ದಾರೆ, ಬೆಳಕು ಅವುಗಳ ನಡುವಿಂದ ಒಳಗೆ ಬರುತ್ತದೆ. ಅಲ್ಲಿ ಗೋರಿಯಲ್ಲಿರುವ ಎರಡನೇ ಇಬ್ರಾಹಿಂ ಆದಿಲ್ ಶಾ ನನಗೆ ತುಂಬ ಇಷ್ಟದ ರಾಜ. ದಖನಿ ಮಾತಿನಲ್ಲಿ ಸರಸ್ವತಿಯನ್ನು, ಗಣಪತಿಯನ್ನು ನೆನೆದು ಹಾಡು ಕಟ್ಟಿದವನು. ಜನ ಅವನನ್ನು ಜಗದ್ಗುರು ಅಂತ ಕರೆಯುತ್ತಿದ್ದರು. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ವಾದ್ಯಕ್ಕೆ ಹೆಸರಿಟ್ಟು ಕರೆಯುವವನಿಗೆ ಕಿವಿಯ ಬೆಲೆ ಗೊತ್ತಿರುತ್ತದೆ, ಅಲ್ವಾ?

ಬಾರಾ ಕಮಾನ್, ತಾಜ್ ಬಾವಡಿ, ಜಾಮಿಯಾ ಮಸೀದಿ ಎರಡನೇ ದಿನ. ಕೊನೆಗೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು, ತೂಕ ಸುಮಾರು 55 ಟನ್. ಬುರುಜಿನ ಮೇಲೆ ತೋಪಿನ ಪಕ್ಕ ಒಂದು ನೀರಿನ ತೊಟ್ಟಿ ಇದೆ. ಬತ್ತಿ ಹಚ್ಚಿದವನು ಆ ಸದ್ದಿಗೆ ಕಿವಿ ಹೋಗಬಾರದು ಅಂತ ನೀರಲ್ಲಿ ಮುಳುಗುತ್ತಿದ್ದ ಅಂತ ಹೇಳುತ್ತಾರೆ. ಮೊದಲೆಲ್ಲ ಇದನ್ನು ಕೇಳಿ ನಗುತ್ತಿದ್ದೆ. ಈಗ ಆ ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೂರನೇ ದಿನ ಬೆಳಗ್ಗೆ ಹೊರಟು ಕೃಷ್ಣೆ ದಾಟೋಣ. ಕೊಲ್ಹಾರದಲ್ಲಿ ಮೊಸರು. ಇದು ಚರ್ಚೆಯ ವಿಷಯ ಅಲ್ಲ, ಗಾಡಿ ನಿಲ್ಲಲೇಬೇಕು. ಸೇತುವೆ ಮೇಲೆ ಎರಡೂ ಕಡೆ ನೀರೇ ನೀರು. ಅದು ಆಲಮಟ್ಟಿಯ ಹಿನ್ನೀರು, ಅದರ ಕೆಳಗೆ ಎಷ್ಟೋ ಊರುಗಳ ಹೊಲ, ಮನೆ ಇವೆ. ನದಿ ದಾಟಿ ದಕ್ಷಿಣಕ್ಕೆ ಹೋದ ಹಾಗೆ ಕಲ್ಲಿನ ಬಣ್ಣ ನೋಡುತ್ತಾ ಇರು. ವಿಜಯಪುರದ್ದು ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು, ಸುಮಾರು ಆರೂವರೆ ಕೋಟಿ ವರ್ಷ ಹಳೆಯದು. ಬಾದಾಮಿಯ ಕೆಂಪು ಮರಳುಗಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಒಂದೇ ಬೆಳಗಿನಲ್ಲಿ ಕಪ್ಪಿನಿಂದ ಕೆಂಪಿಗೆ ಬರುತ್ತೀಯ.

ಬಾದಾಮಿಯಲ್ಲಿ ಗುಹೆಗಳನ್ನು ಎಲ್ಲರೂ ನೋಡುತ್ತಾರೆ. ಮೂರನೆಯದರಲ್ಲಿ 578ರ ಶಾಸನ ಇದೆ, ಮೊದಲನೆಯದರ ಪಕ್ಕ ಹದಿನೆಂಟು ಕೈಗಳ ನಟರಾಜ. ಆದರೆ ನಾನು ನಿನ್ನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿರುವುದು ಕೆರೆಯ ಆಚೆ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನಕ್ಕೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ." ಶಾಲೆಯಲ್ಲಿ ಎಷ್ಟು ಸಲ ಒದರಿದ್ದೇವೆ! ಕನ್ನಡದ ಮೊದಲ ತ್ರಿಪದಿ ಅಂತ ಮಾಸ್ತರು ಹೇಳುವಾಗ ನೀನು ಹಿಂದಿನ ಬೆಂಚಿನಲ್ಲಿ ಏನು ಮಾಡುತ್ತಿದ್ದೆ ಅಂತ ನಿನ್ನ ಮಗಳ ಮುಂದೆ ಹೇಳುವುದಿಲ್ಲ. ಆ ಬಂಡೆಯ ಎದುರು ನಿಂತು ಅವಳು ಅದನ್ನು ಗಟ್ಟಿಯಾಗಿ ಓದಲಿ.

ಬಾದಾಮಿಯಲ್ಲೇ ಮೂರು ರಾತ್ರಿ. ಭೂತನಾಥ ಗುಡಿಯ ಕಟ್ಟೆ, ಬನಶಂಕರಿಯಲ್ಲಿ ಅಮ್ಮಂದಿರು ಬುಟ್ಟಿಯಲ್ಲಿ ತಂದು ಬಡಿಸುವ ರೊಟ್ಟಿ, ಕೆಂಪು ಚಟ್ನಿ. ಮಹಾಕೂಟದ ಪುಷ್ಕರಣಿಯಲ್ಲಿ ಮಕ್ಕಳು ಈಜಬಹುದು. ಪಟ್ಟದಕಲ್ಲು ಅಲ್ಲಿಂದ 22 ಕಿಲೋಮೀಟರ್. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿದೆ. ಮಲಪ್ರಭೆ ಆ ಊರಿನಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಅಲ್ಲಿಂದ ಐಹೊಳೆ ಹತ್ತಿರವೇ. ಮೇಗುತಿ ಗುಡ್ಡ ಹತ್ತಿ, ಇಮ್ಮಡಿ ಪುಲಿಕೇಶಿಯ ಕವಿ ರವಿಕೀರ್ತಿಯ 634ರ ಶಾಸನ ನೋಡೋಣ. ಗುಡ್ಡದ ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ.

ಆರನೇ ದಿನ ಗೋಕಾಕ. ಕುದುರೆ ಲಾಳದ ಆಕಾರದ ಬಂಡೆಯ ಅಂಚು, ಅದರ ಮೇಲೆ ತೂಗುಸೇತುವೆ, ದಡದಲ್ಲಿ ಹಳೆಯ ನೂಲಿನ ಗಿರಣಿ. 1887ರ ಹೊತ್ತಿಗೇ ಈ ನೀರಿನ ಶಕ್ತಿಯಿಂದ ಗಿರಣಿ ನಡೆಸಿದ್ದರು. ಅಲ್ಲಿ ನಿಂತರೆ ಸದ್ದು ಕಿವಿಗೆ ಬರುವ ಮೊದಲು ಎದೆಗೆ ಬರುತ್ತದೆ.

ಇಲ್ಲಿಯವರೆಗೆ ಬರೆದು ಮತ್ತೆ ಮೊದಲಿಂದ ಓದಿದೆ. ಓದಿದ ಮೇಲೆ ನನಗೇ ಕಂಡಿತು. ಕೂಗಾಟ ಇಲ್ಲದ ಗುಮ್ಮಟ, ತಂಬೂರಿಯ ರಾಜ, ತೋಪಿನ ತೊಟ್ಟಿ, ಗಟ್ಟಿಯಾಗಿ ಓದುವ ಶಾಸನ, ಗಾಳಿಯ ಗುಡ್ಡ, ನೀರಿನ ಸದ್ದು. ನಾನು ಇಡೀ ವಾರವನ್ನು ಕಿವಿಗೋಸ್ಕರ ಜೋಡಿಸಿದ್ದೇನೆ, ದೋಸ್ತ.

ಹೇಳಿಬಿಡುತ್ತೇನೆ. ಈ ಬೇಸಿಗೆಯಲ್ಲಿ ತಂಗಿಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಗ್ಯಾಲರಿಯಲ್ಲಿ ಎದುರುಬದುರು ಕೂತೆವು. ನಡುವೆ ಸುಮಾರು 38 ಮೀಟರ್. ಸಣ್ಣವಳು ಆಚೆ ಗೋಡೆಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದಳು. ನನ್ನ ಪಕ್ಕ ಕೂತಿದ್ದ ಅವಳ ಅಣ್ಣ ಬಿದ್ದು ಬಿದ್ದು ನಕ್ಕ. ನನಗೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಹೇಳು ಅಂದೆ. ಹೇಳಿದಳು. ಅವನು ಮತ್ತೆ ನಕ್ಕ. ನಾನೂ ನಕ್ಕೆ. ಅವಳು ಏನು ಹೇಳಿದ್ದಳು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಸುಮ್ನೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಕಾಗದದ ಮೇಲಿನ ಗೆರೆ ಎಡಗಡೆ, ದಪ್ಪ ಸದ್ದಿನ ಕಡೆ, ಸರಿಯಾಗಿಯೇ ಇದೆ, ಬಲಕ್ಕೆ ತೆಳು ಸದ್ದಿನ ಕಡೆ ಹೋದಂತೆ ಕೆಳಗೆ ಜಾರುತ್ತದೆ. ತೆಳು ಸದ್ದುಗಳು ಮೊದಲು ಹೋಗುತ್ತವಂತೆ. ಹಕ್ಕಿ, ಚಿಕ್ಕ ಮಕ್ಕಳ ದನಿ, ಮಾತಿನಲ್ಲಿ ಸ, ಶ. ಪಿಸುಮಾತಿನಲ್ಲಿ ಗಂಟಲ ನಾದವೇ ಇರುವುದಿಲ್ಲ, ಬರೀ ಉಸಿರಿನ ಸದ್ದು. ಅದಕ್ಕೇ ಅದು ಮೊದಲು ಹೋಯಿತು. ಮಗ್ಗದ ಸದ್ದಿನಿಂದ ಆಗಿದ್ದು ಅಂದರು ಡಾಕ್ಟರು. ಒಳಗಿವಿಯ ಸಣ್ಣ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಮಷೀನು ಹಾಕಿಕೊಂಡರೆ ಅನುಕೂಲ ಆಗುತ್ತದೆ, ತಡ ಮಾಡಬೇಡಿ ಅಂದಿದ್ದಾರೆ.

ನಿನಗೆ ನಮ್ಮ ಬನಹಟ್ಟಿಯ ಮನೆ ಗೊತ್ತಲ್ಲ. ಗೋಡೆಯ ಆಚೆಯೇ ಪಾವರ್‌ಲೂಮು. ಲಾಳಿ ಹೊಡೆಯುವ ಸದ್ದಿನಲ್ಲೇ ಊಟ, ಅದರಲ್ಲೇ ಓದು, ಅದರಲ್ಲೇ ನಿದ್ದೆ. ಕರೆಂಟ್ ಹೋಗಿ ಮಗ್ಗ ನಿಂತರೆ ಮಾತ್ರ ಎಚ್ಚರ ಆಗುತ್ತಿತ್ತು. ಆ ಸದ್ದು ನಮಗೆ ಅನ್ನ ಹಾಕಿದೆ. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುವುದಿಲ್ಲ.

ಅಪ್ಪನ ವಿಷಯ ಮಾತ್ರ ತಡೆಯಲಾಗುತ್ತಿಲ್ಲ. ನಾವೆಲ್ಲ ಅವನಿಗೆ ಎಷ್ಟು ಹೆದರುತ್ತಿದ್ದೆವು! ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಸಿಟ್ಟಿನ ಮನುಷ್ಯ, ಮಾತು ಕಡಿಮೆ ಅಂತ ಊರೆಲ್ಲ ಹೇಳುತ್ತಿತ್ತು. ಅವನು ಹುಟ್ಟಿದಾಗಿನಿಂದ ಸಾಯುವ ತನಕ ಮಗ್ಗದ ನಡುವೆಯೇ ಇದ್ದವನು. ಅವನಿಗೆ ನಾವು ಕರೆದದ್ದು ಕೇಳುತ್ತಲೇ ಇರಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಅವ್ವ ಅಡುಗೆಮನೆಯಿಂದ ಕೂಗಿದಾಗ ಅವನು ಸುಮ್ಮನೆ ಕೂತಿರುತ್ತಿದ್ದ. ಮೊನ್ನೆ ನನ್ನ ಹೆಂಡತಿ ಕೂಗಿದಾಗ ನಾನೂ ಹಾಗೇ ಕೂತಿದ್ದೆನಂತೆ. ಬಂದು ಎದುರು ನಿಂತು "ಅಪ್ಪನ ಗುಣಾನೇ ಬಂತು ನಿಮಗೆ" ಅಂದಳು.

ಅವಳಿಗೆ ಇನ್ನೂ ಹೇಳಿಲ್ಲ. ಈ ಪತ್ರ ಹಾಕುವ ಮೊದಲು ಇವತ್ತು ರಾತ್ರಿ ಹೇಳುತ್ತೇನೆ. ಇತ್ತೀಚೆಗೆ ನಿನ್ನ ಫೋನು ನಾನು ಎತ್ತದೇ ಇದ್ದದ್ದು ಇದಕ್ಕೇ. ನಿನ್ನ ಮಾತು ಅರ್ಧ ಕೇಳಿ, ಅರ್ಧ ಊಹೆ ಮಾಡಿ, ಹೌದು ಹೌದು ಅನ್ನುವುದು ನನಗೆ ಸಾಕಾಗಿದೆ. ನಿನ್ನ ಹತ್ತಿರ ಹಾಗೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಮಷೀನು ಹಾಕಿಸಿಕೊಳ್ಳುತ್ತೇನೆ. ಅದರಿಂದ ಎಷ್ಟು ವಾಪಸ್ ಬರುತ್ತದೋ ಬರಲಿ. ಆದರೆ ಈ ಜಾಗಗಳನ್ನು, ಇವತ್ತು ನನಗೆ ಉಳಿದಿರುವ ಕಿವಿಯಲ್ಲಿ, ನಿನ್ನ ಜೊತೆ ಒಮ್ಮೆ ಕೇಳಬೇಕು. ನಾಲ್ಕು ತಿಂಗಳು ಮುಂಚೆ ಬಾ ಅಂತ ಹಟ ಹಿಡಿದಿರುವುದು ಅದಕ್ಕೆ. ನೀರು ನೆಪ ಅಲ್ಲ, ನೀರೂ ನಿಜವೇ. ಗೋಕಾಕದ ಸದ್ದು ನನಗೆ ಪೂರ್ತಿ ಕೇಳುತ್ತದೆ.

ಸಾಕು, ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಈಗ ಕೆಲಸದ ಮಾತು.

ಕರದಂಟು ಗೋಕಾಕದ್ದೋ ಅಮೀನಗಡದ್ದೋ ಅನ್ನುವ ನಮ್ಮ ಹಳೆಯ ಜಗಳ ಈ ಸಲ ಮುಗಿಯಬೇಕು. ಐಹೊಳೆಯಿಂದ ಅಮೀನಗಡ ಹತ್ತಿರ. ಅಲ್ಲಿ ಒಂದು ಡಬ್ಬಿ ತಗೊಂಡು ಗೋಕಾಕದ ತನಕ ಒಯ್ಯೋಣ. ಎರಡನ್ನೂ ಮುಂದಿಟ್ಟು ನಿನ್ನ ಮಗಳೇ ತೀರ್ಪು ಕೊಡಲಿ. ದೊಡ್ಡವರು ಯಾರೂ ಬಾಯಿ ಹಾಕುವಂತಿಲ್ಲ. ಮನೆಯವರಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಬೇಕು ಅಂದರೆ ಬಾದಾಮಿಯಿಂದ ಅರ್ಧ ದಿನ ತೆಗೆಯೋಣ. ಬಾದಾಮಿಯಲ್ಲಿ ಮಂಗಗಳು ಜಾಸ್ತಿ, ಕೈಯಲ್ಲಿ ತಿಂಡಿ ಹಿಡಿದು ಮೆಟ್ಟಿಲು ಹತ್ತಬೇಡಿ. ಕೆಂಪು ಕಲ್ಲು ಮಳೆಗೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ತಗೊಂಡು ಬಾ, ಹೋದ ಸಲದ್ದು ಬೇಡ. ಏಳನೇ ದಿನ ನಮ್ಮ ಮನೆಯಲ್ಲೇ ಊಟ. ಎಣ್ಣೆಗಾಯಿ, ಮಾದಲಿ ಎರಡೂ ಆಗುತ್ತವೆ. ಮಗ್ಗ ಅವತ್ತು ಮಧ್ಯಾಹ್ನ ಬಂದ್ ಇಡುತ್ತೇನೆ, ಮಾತಾಡಬಹುದು.

ಗ್ಯಾಲರಿಯಲ್ಲಿ ನೀನು ಪಿಸುಗುಟ್ಟಬೇಡ. ಬಾಯಿ ತುಂಬ ಮಾತಾಡು. ಕಾವಲಿನವರು ಬಂದು ಗದರಿದರೆ ನಾನು ನೋಡಿಕೊಳ್ಳುತ್ತೇನೆ.

ಟಿಕೆಟ್ ಆದ ತಕ್ಷಣ ಮೆಸೇಜ್ ಹಾಕು. ಫೋನ್ ಮಾಡಬೇಕು ಅನ್ನಿಸಿದರೆ ಮಾಡು, ಎತ್ತುತ್ತೇನೆ. ಸ್ವಲ್ಪ ನಿಧಾನಕ್ಕೆ ಮಾತಾಡು, ಅಷ್ಟೇ.

ನಿನ್ನ,
ಬನಹಟ್ಟಿಯ ದೋಸ್ತ